ತುಮಕೂರು ರಸ್ತೆಯ ಮೇಲೆ ಮಗಳ ಮುಖ

ಬಾಗಲಗುಂಟೆ
12 ಜೂನ್ 2006

ಸೆರಾವಲ್ ಫೌಂಡೇಶನ್ನಿನ ವೇಣಿ ಮೇಡಂ ಅವರಿಗೆ ಹೊಳೆವ್ವ ಮಾಡುವ ನಮಸ್ಕಾರಗಳು.

ನನ್ನ ಮಗಳು ಸುಮಂಗಲಾಗೆ ನಿಮ್ಮ ಕಂಪನಿಯವರು ಎಂಟನೇ ಇಯತ್ತೆಗೆ ಒಳ್ಳೆಯ ಶಾಲೆಯಲ್ಲಿ ಸೀಟು ಕೊಡಿಸಿದ್ದೀರಿ. ಪುಸ್ತಕ, ಯೂನಿಫಾರಂ, ಬೂಟು ಎಲ್ಲ ಬಂದಿವೆ. ಬೂಟು ಸ್ವಲ್ಪ ದೊಡ್ಡದು, ಆದರೆ ಬೆಳೆಯುವ ಕಾಲು, ಇರಲಿ. ಹತ್ತನೆಯವರೆಗೆ ಎಲ್ಲ ಖರ್ಚು ನಿಮ್ಮದೇ ಎಂದು ನಮ್ಮ ಸೂಪರ್‌ವೈಸರ್ ಪರಮಾನಂದ ಸರ್ ಹೇಳಿದರು. ಅರ್ಜಿ ತುಂಬಿದವರೂ ಅವರೇ.

ತಿಂಗಳಿಗೊಂದು ಕೃತಜ್ಞತಾ ಪತ್ರವನ್ನು ತಾಯಿ ತನ್ನ ಕೈಯಿಂದಲೇ ಬರೆಯಬೇಕು, ಒಂದು ಪುಟಕ್ಕೆ ಕಡಿಮೆ ಇರಬಾರದು ಎಂಬುದು ನಿಮ್ಮ ನಿಯಮವಂತೆ. ನಾನು ಏಳನೆಯವರೆಗೆ ಓದಿದವಳು. ಕೃತಜ್ಞತೆ ಎರಡು ಸಾಲಿನಲ್ಲಿ ಮುಗಿಯಿತು, ಪುಟ ಇನ್ನೂ ಉಳಿದಿದೆ. ಅದಕ್ಕೆ ಕೆಲಸದ ಬಗ್ಗೆ ಬರೆಯುತ್ತೇನೆ.

ಪೀಣ್ಯ ಎರಡನೇ ಹಂತದಲ್ಲಿ ನಿಮ್ಮ ಗಡಿಯಾರಗಳಿಗೆ ಮರದ ಡಬ್ಬಿ ಮಾಡುವ ಕಾರ್ಖಾನೆ ನಮ್ಮದು. ಡಬ್ಬಿಯ ಒಳಗೆ ಮಖಮಲ್ಲು ಅಂಟಿಸುವುದು ನನ್ನ ಪಾಲಿನ ಕೆಲಸ. ಅಂಟು ಸಾಸಿವೆ ಕಾಳಿನಷ್ಟು ಹೊರಗೆ ಬಂದರೂ ಡಬ್ಬಿ ವಾಪಸ್ಸು ಬರುತ್ತದೆ. ಗಡಿಯಾರವನ್ನು ನಾನು ಕಣ್ಣಾರೆ ಕಂಡಿಲ್ಲ. ಅದು ಮಲಗುವ ಹಾಸಿಗೆಯನ್ನು ಮಾತ್ರ ಬಲ್ಲೆ.

ಒಂದು ಮಾತು ಕೇಳಬೇಕಿತ್ತು. ಮೊನ್ನೆ ನಮ್ಮಿಬ್ಬರ ಫೋಟೋ ತೆಗೆದುಕೊಂಡು ಹೋದರಲ್ಲ, ಅದು ನಿಮ್ಮ ಕಡತದಲ್ಲೇ ಇರುತ್ತದೆಯೇ, ಅಥವಾ ಹೊರಗೆ ಹೋಗುತ್ತದೆಯೇ? ಸುಮ್ಮನೆ ಕೇಳಿದೆ.

ಇಂತಿ,
ಹೊಳೆವ್ವ


ಎಲೆಕ್ಟ್ರಾನಿಕ್ ಸಿಟಿ
21 ಜೂನ್ 2006

ಪ್ರೀತಿಯ ಹೊಳೆವ್ವ ಅವರಿಗೆ,

ನಿಮ್ಮ ಪತ್ರ ಓದಿ ಆಫೀಸಿನಲ್ಲಿ ಒಬ್ಬಳೇ ನಕ್ಕೆ. ಉಳಿದವರೆಲ್ಲ ಮಾದರಿ ಪತ್ರವನ್ನು ನೋಡಿ ನಕಲು ಮಾಡಿ ಕಳಿಸುತ್ತಾರೆ. ‘ಗಡಿಯಾರ ಮಲಗುವ ಹಾಸಿಗೆ’ ಎಂಬ ಮಾತನ್ನು ನಮ್ಮ ಡೈರೆಕ್ಟರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಅವರು ಬರೆದುಕೊಂಡರು.

ನನ್ನನ್ನು ದೊಡ್ಡ ಮೇಡಂ ಎಂದುಕೊಳ್ಳಬೇಡಿ. ನಾನು ಇಲ್ಲೇ ಬೇಗೂರಿನವಳು. ಹಳೆಯ ದೇವಸ್ಥಾನದ ಹಿಂದಿನ ಬೀದಿಯಲ್ಲಿ ದಾಸಪ್ಪನ ಮನೆ ಎಂದರೆ ಯಾರು ಬೇಕಾದರೂ ತೋರಿಸುತ್ತಾರೆ. ನಮ್ಮಪ್ಪ ರಾಗಿ ಬೆಳೆದ ಹೊಲದ ಮೇಲೆ ಈಗ ಯಾರದೋ ಆಫೀಸಿದೆ. ಆ ಕಡೆ ಬಂದರೆ ಖಂಡಿತ ಮನೆಗೆ ಬನ್ನಿ.

ಫೋಟೋ ಬಗ್ಗೆ ಸಂಕೋಚ ಬೇಡ. ತುಂಬಾ ಚೆನ್ನಾಗಿ ಬಂದಿದೆ. ಸುಮಂಗಲಾ ಹಲ್ಲು ಬಿಟ್ಟು ನಕ್ಕಿದ್ದಾಳೆ, ನೀವು ಹಿಂದೆ ಗಂಭೀರವಾಗಿ ನಿಂತಿದ್ದೀರಿ. ಹೆಣ್ಣುಮಕ್ಕಳಿಗೆ ಫೋಟೋ ಎಂದರೆ ನಾಚಿಕೆ ಸಹಜ, ನಮ್ಮಮ್ಮನೂ ಹಾಗೇ.

ಮುಂದಿನ ಪತ್ರದಲ್ಲಿ ನಿಮ್ಮ ಯಜಮಾನರ ಬಗ್ಗೆ ಬರೆಯಿರಿ. ನಮ್ಮ ಯೋಜನೆ ತಂದೆ ಇಲ್ಲದ ಹೆಣ್ಣುಮಕ್ಕಳಿಗೆ ಮಾತ್ರ ಅಲ್ಲವೇ, ಹಾಗಾಗಿ ಅವರು ಹೇಗೆ ತೀರಿಕೊಂಡರು, ಆಮೇಲೆ ನೀವು ಹೇಗೆ ದಾರಿ ಮಾಡಿಕೊಂಡಿರಿ ಎಂದು ವಿದೇಶದ ದಾನಿಗಳು ಕೇಳುತ್ತಾರೆ. ಮನಸ್ಸಿಗೆ ನೋವಾಗುವುದಾದರೆ ನಾಲ್ಕೇ ಸಾಲು ಸಾಕು.

ನಿಮ್ಮ,
ವೇಣಿ


ಬಾಗಲಗುಂಟೆ
3 ಜುಲೈ 2006

ವೇಣಿ ಮೇಡಂ ಅವರಿಗೆ ನಮಸ್ಕಾರ.

ನಮ್ಮ ಮನೆಯವರು ಹೋದ ವರ್ಷ ತೀರಿಕೊಂಡರು. ಹೊಳೆಗೆ ಹೋದವರು ತಿರುಗಿ ಬರಲಿಲ್ಲ. ಇದಕ್ಕಿಂತ ಹೆಚ್ಚು ಬರೆಯುವುದು ನನ್ನಿಂದ ಆಗದು.

ಊರಿನ ಹೆಸರನ್ನು ಎಲ್ಲಿಯೂ ಹಾಕಬೇಡಿ. ನಮ್ಮ ಪೂರ್ತಿ ಹೆಸರೂ ಬೇಡ. ನಮ್ಮವರು ಓದಿದರೆ, ಹೀಗೆ ಬೇರೆಯವರ ಆಸರೆಯಲ್ಲಿದ್ದೇವೆ ಎಂದು ಆಡಿಕೊಳ್ಳುತ್ತಾರೆ.

ಸುಮಂಗಲಾ ಗಣಿತದಲ್ಲಿ ತರಗತಿಗೆ ಎರಡನೆಯವಳಾಗಿದ್ದಾಳೆ. ಮನೆಗೆ ಬಂದು ನನ್ನ ಕೆಲಸವನ್ನೇ ಲೆಕ್ಕ ಮಾಡುತ್ತಾಳೆ. ಒಂದು ಡಬ್ಬಿಗೆ ಎಷ್ಟು ಮಖಮಲ್ಲು, ಒಂದು ಗಜಕ್ಕೆ ಎಷ್ಟು ಡಬ್ಬಿ ಎಂದು ಕೂತು ಹೇಳುತ್ತಾಳೆ. ಮನೆಯ ಮಾಲೀಕಳಾದ ಅಂಜನಮ್ಮ ಕೇಳಿ, ‘ಇವ್ಳು ಓನರ್ ಆಗ್ತಾಳೆ ಬಿಡಮ್ಮ, ನೀನು ಅಂಟು ಮೆತ್ಕೊಂಡೇ ಇರ್ತೀಯ’ ಎಂದಳು. ಅವತ್ತು ಬಹಳ ದಿನಗಳ ಮೇಲೆ ನಕ್ಕೆ. ಇವಳು ಓದಿದರೆ ಸಾಕು, ನನಗೆ ಬೇರೆ ಏನೂ ಬೇಡ.

ಇಂತಿ,
ಹೊಳೆವ್ವ


ಎಲೆಕ್ಟ್ರಾನಿಕ್ ಸಿಟಿ
17 ಜುಲೈ 2006

ಪ್ರೀತಿಯ ಹೊಳೆವ್ವ ಅವರಿಗೆ,

ಒಂದು ಸಂತೋಷದ ಸುದ್ದಿ. ಹೋದ ಶನಿವಾರ ಕಂಪನಿಯವರು ಹೊಸ ಗಡಿಯಾರದ ಬಿಡುಗಡೆಗೆ ದೊಡ್ಡ ಹೋಟೆಲಿನಲ್ಲಿ ಊಟ ಇಟ್ಟಿದ್ದರು. ಅಲ್ಲಿ ನಿಮ್ಮ ಪತ್ರವನ್ನು ನಾನೇ ಅನುವಾದ ಮಾಡಿ ಓದಿದೆ. ‘ಹೊಳೆಗೆ ಹೋದವರು ತಿರುಗಿ ಬರಲಿಲ್ಲ’ ಎನ್ನುವಾಗ ಮುಂದಿನ ಸಾಲಿನಲ್ಲಿ ಕೂತ ಹೆಂಗಸರು ಕಣ್ಣೊರೆಸಿಕೊಂಡರು. 

ಅದಕ್ಕೇ ಈ ವರ್ಷದ ಪ್ರಚಾರಕ್ಕೆ ನಿಮ್ಮ ಫೋಟೋವನ್ನೇ ಆರಿಸಿದ್ದಾರೆ. ಸ್ವಾತಂತ್ರ್ಯ ದಿನಕ್ಕೆ ಊರಿನಲ್ಲಿ ಮೂರು ದೊಡ್ಡ ಹೋರ್ಡಿಂಗ್ ಹಾಕುತ್ತಾರೆ. ಎರಡು ಶ್ರೀಮಂತರು ಓಡಾಡುವ ರಸ್ತೆಗಳಲ್ಲಿ. ಮೂರನೆಯದನ್ನು ಮಾತ್ರ ನಾನು ಹಟ ಹಿಡಿದು ನಿಮ್ಮ ಕಡೆ ಹಾಕಿಸುತ್ತಿದ್ದೇನೆ, ತುಮಕೂರು ರಸ್ತೆಯಲ್ಲಿ, ದಾಸರಹಳ್ಳಿ ಹತ್ತಿರ. ಆ ರಸ್ತೆಯಲ್ಲಿ ನಮ್ಮ ಗಡಿಯಾರ ಕೊಳ್ಳುವವರು ಯಾರಿದ್ದಾರೆ ಎಂದು ಡೈರೆಕ್ಟರು ಕೇಳಿದರು. ಕೊಳ್ಳುವವರಿಗಲ್ಲ ಸಾರ್, ಅವರ ಜನ ಅವರನ್ನು ನೋಡಿ ಹೆಮ್ಮೆಪಡಲಿ ಎಂದೆ.

ಮಾದರಿಗೆ ಬಂದ ಚಿಕ್ಕ ಪೋಸ್ಟರನ್ನು ನಮ್ಮ ಮನೆಯ ಪಡಸಾಲೆಯಲ್ಲಿ ಅಂಟಿಸಿದ್ದೇನೆ. ಅಪ್ಪ ಬಂದವರಿಗೆಲ್ಲ ತೋರಿಸುತ್ತಾರೆ.

ನಿಮ್ಮ,
ವೇಣಿ


ಬಾಗಲಗುಂಟೆ
22 ಜುಲೈ 2006

ವೇಣಿ ಮೇಡಂ ಅವರಿಗೆ,

ದಯವಿಟ್ಟು ಹೋರ್ಡಿಂಗ್ ಹಾಕಬೇಡಿ. ಎರಡು ಕಡೆ ಹಾಕುವುದಾದರೆ ಹಾಕಿ, ದಾಸರಹಳ್ಳಿಯಲ್ಲಿ ಮಾತ್ರ ಬೇಡ. ಕೈಮುಗಿದು ಕೇಳುತ್ತೇನೆ.

ಹೆಣ್ಣುಮಗಳು ದೊಡ್ಡವಳಾಗಿದ್ದಾಳೆ. ಅಷ್ಟು ಎತ್ತರದಲ್ಲಿ ಅವಳ ಮುಖ ಹಾಕಿದರೆ ದೃಷ್ಟಿ ತಾಗುತ್ತದೆ. ನಮ್ಮ ಕಡೆ ಇದನ್ನೆಲ್ಲ ನಂಬುತ್ತಾರೆ.

ನಿಮ್ಮ ಪತ್ರದ ಮೇಲಿದ್ದ ನಂಬರಿಗೆ ರೂಪಾಯಿ ಹಾಕುವ ಫೋನಿನಿಂದ ನಾಲ್ಕು ಸಲ ಮಾಡಿದೆ. ಇಂಗ್ಲಿಷಿನಲ್ಲಿ ಏನೋ ಹೇಳಿ, ಹಾಡು ಹಾಕಿ, ಕಟ್ ಆಗುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಕೂಡಲೇ ಉತ್ತರ ಕೊಡಿ.

ಹೊಳೆವ್ವ


ಎಲೆಕ್ಟ್ರಾನಿಕ್ ಸಿಟಿ
1 ಆಗಸ್ಟ್ 2006

ಪ್ರೀತಿಯ ಹೊಳೆವ್ವ ಅವರಿಗೆ,

ನಿಮ್ಮ ಆತಂಕ ಅರ್ಥವಾಗುತ್ತದೆ. ಆದರೆ ಮಗಳನ್ನು ಓದಿಸಲು ಇಷ್ಟು ದೂರ ಬಂದ ತಾಯಿ ದೃಷ್ಟಿ, ಗಾಳಿ ಎಂದು ಹೆದರಬಾರದು. ಅವಳನ್ನು ನೋಡಿ ಇನ್ನೂ ಹತ್ತು ತಾಯಂದಿರು ಮಕ್ಕಳನ್ನು ಶಾಲೆಗೆ ಕಳಿಸುತ್ತಾರೆ. ಬೇಕಾದರೆ ನಮ್ಮಮ್ಮನ ಹಾಗೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಬಿಡಿ.

ಇನ್ನೊಂದು ವಿಷಯ, ಬೇಜಾರು ಮಾಡಿಕೊಳ್ಳಬೇಡಿ. ಅರ್ಜಿಯ ಕೊನೆಯ ಪುಟದಲ್ಲಿ ಫೋಟೋ ಬಳಸಲು ಒಪ್ಪಿಗೆ ಎಂದು ನಿಮ್ಮ ಸಹಿ ಇದೆ. ಒಪ್ಪಿಗೆ ಹಿಂದಕ್ಕೆ ಪಡೆದರೆ ಅರ್ಜಿಯನ್ನು ಮೊದಲಿನಿಂದ ಪರಿಶೀಲಿಸುತ್ತಾರೆ, ಮನೆಯವರ ಮರಣ ಪ್ರಮಾಣಪತ್ರ ಎಲ್ಲ ಕೇಳುತ್ತಾರೆ. ಸುಮಂಗಲಾಗೆ ಸುಮ್ಮನೆ ತೊಂದರೆ. ಅದು ಬೇಡ ಎಂದು ನಿಮ್ಮ ಪತ್ರವನ್ನು ಕಡತಕ್ಕೆ ಹಾಕದೆ ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ.

ಧೈರ್ಯವಾಗಿರಿ.

ವೇಣಿ


ಬಾಗಲಗುಂಟೆ
5 ಆಗಸ್ಟ್ 2006

ವೇಣಿ ಮೇಡಂ,

ಈ ಪತ್ರವನ್ನು ಯಾವ ಹೋಟೆಲಿನಲ್ಲೂ ಓದಬೇಡಿ. ಓದಿದ ಮೇಲೆ ಸುಟ್ಟುಬಿಡಿ.

ಸುಮಂಗಲಾಳ ಅಪ್ಪ ಬದುಕಿದ್ದಾನೆ. ಸಿದ್ರಾಮ ಎಂದು ಹೆಸರು. ಗಟ್ಟಿಮುಟ್ಟಾಗಿದ್ದಾನೆ. ತಂದೆ ಇಲ್ಲದ ಮಕ್ಕಳಿಗೆ ಮಾತ್ರ ಸೀಟು ಎಂದು ಗೊತ್ತಾದಾಗ ಪರಮಾನಂದ ಸರ್, ‘ಅವ್ನು ಇದ್ರೂ ಇಲ್ದಂಗೇ ಅಲ್ವೇನಮ್ಮ, ಇಲ್ಲ ಅಂತಾನೇ ಬರ್ಕೊಳ್ತೀನಿ’ ಎಂದರು. ನಾನು ಹೂಂ ಎಂದೆ. ಅವರದು ತಪ್ಪಿಲ್ಲ, ಪಾಪ, ನಮ್ಮ ಮೇಲಿನ ಕರುಣೆಗೆ ಬರೆದರು. ಫೋಟೋ ತೆಗೆಯುವ ದಿನ ಬಚ್ಚಲಿಗೆ ಹೋಗಿ ಹಣೆಯ ಕುಂಕುಮ ಒರೆಸಿಕೊಂಡೆ. ತಾಳಿಯನ್ನು ಕುಪ್ಪಸದ ಒಳಗೆ ತುರುಕಿದೆ. ಗಂಡ ಬದುಕಿರುವಾಗ ಹಾಗೆ ಮಾಡುವುದೆಂದರೆ ಏನು ಎಂದು ನಿಮಗೂ ಗೊತ್ತು. ಆದರೂ ಒರೆಸಿಕೊಂಡೆ.

ನಮ್ಮ ಕಡೆ ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ರೂಢಿ. ಸುಮಂಗಲಾಳಿಗೆ ಹೆಸರಿಟ್ಟ ದಿನ ನನ್ನ ಅವ್ವ ನನ್ನ ತಮ್ಮ ಮಲಕಪ್ಪನ ಕೈಯಿಂದ ತೊಟ್ಟಿಲಿಗೆ ಹಸಿರು ಖಣ ಹಾಕಿಸಿದಳು. ಹುಟ್ಟಿದಾಗಲೇ ಇವಳು ಅವನಿಗೆ ಎಂದು ಮಾತಾಯಿತು. ಅವನಿಗೆ ಆಗ ಹದಿನೈದು. ನಾಚಿ ಹೊರಗೆ ಓಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗುವಿಗಾಗಿ ಇವತ್ತಿಗೂ ನನ್ನನ್ನು ನಾನು ಕ್ಷಮಿಸಿಲ್ಲ.

ಹೋದ ದೀಪಾವಳಿ ಆದ ಮೇಲೆ ಅವಳು ದೊಡ್ಡವಳಾದಳು. ಎಂಟು ದಿನದಲ್ಲಿ ಮುಹೂರ್ತ ಇಟ್ಟರು. ಹನ್ನೆರಡು ವರ್ಷದ ಮಗಳು, ಮೇಡಂ. ನಾನು ಹದಿನಾಲ್ಕಕ್ಕೆ ಮದುವೆಯಾದವಳು. ಹದಿನಾರಕ್ಕೆ ಮೊದಲ ಕೂಸನ್ನು ಹೆತ್ತು ಮಣ್ಣಿಗಿಟ್ಟು ಬಂದೆ. ಅದು ಏನೆಂದು ನನಗೆ ಗೊತ್ತು. ಬೇಡ ಎಂದಾಗ ಸಿದ್ರಾಮ ಅವಳ ಶಾಲೆಯ ಚೀಲವನ್ನು ಒಲೆಗೆ ಹಾಕಿದ. ಮಾರನೆಯ ದಿನ ಸಂತೆಗೆಂದು ಹೇಳಿ ಮಗಳ ಕೈ ಹಿಡಿದು ಬಸ್ಸು ಹತ್ತಿದೆ.

ಮಗಳಿಗೆ ಇದು ಯಾವುದೂ ಗೊತ್ತಿಲ್ಲ. ಮದುವೆಯ ಮಾತು ದೊಡ್ಡವರ ನಡುವೆಯೇ ಇತ್ತು. ಕೆಲಸಕ್ಕೆ ಬಂದೆವು, ಅಪ್ಪ ಆಮೇಲೆ ಬರುತ್ತಾನೆ ಎಂದಿದ್ದೇನೆ. ಮಲಕಪ್ಪ ಕೆಟ್ಟವನಲ್ಲ. ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು, ಸುಮಂಗಲಾಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ಅವನು. ಮಾಮಾ ಎಂದರೆ ಅವಳಿಗೆ ಜೀವ. ಅದೇ ನನ್ನ ಹೆದರಿಕೆ. ಕೆಟ್ಟವನಾಗಿದ್ದರೆ ಬೈದು ಬಾಗಿಲು ಹಾಕಿಕೊಳ್ಳಬಹುದಿತ್ತು.

ನಮ್ಮ ಕಡೆಯ ಬಸ್ಸುಗಳೆಲ್ಲ ತುಮಕೂರು ರಸ್ತೆಯಿಂದಲೇ ಈ ಊರಿಗೆ ಬರುತ್ತವೆ. ಬೆಳಗಾಗುತ್ತಲೇ ದಾಸರಹಳ್ಳಿ ಬರುತ್ತದೆ. ಆಗ ಎಲ್ಲರೂ ಎದ್ದು ಕಿಟಕಿಯಿಂದ ಹೊರಗೆ ನೋಡುತ್ತಾರೆ. ನಾನೂ ನೋಡಿದ್ದೆ.

ಸೀಟು ಹೋದರೆ ಹೋಗಲಿ, ಸರಕಾರಿ ಶಾಲೆಗೆ ಹಾಕುತ್ತೇನೆ. ಹೋರ್ಡಿಂಗ್ ತಡೆಯಿರಿ. ಹತ್ತು ದಿನ ಇದೆ.

ಹೊಳೆವ್ವ


ಎಲೆಕ್ಟ್ರಾನಿಕ್ ಸಿಟಿ
16 ಆಗಸ್ಟ್ 2006

ಪ್ರೀತಿಯ ಹೊಳೆವ್ವ ಅವರಿಗೆ,

ಅವಸರದಲ್ಲಿ ಬರೆಯುತ್ತಿದ್ದೇನೆ. ನಾಲ್ಕನೇ ತಾರೀಖಿನಿಂದ ಮುಂಬೈ ಆಫೀಸಿನಲ್ಲಿದ್ದೆ. ಇವತ್ತು ಒಂದು ಗಳಿಗೆ ಮೇಜಿನ ಹತ್ತಿರ ಬಂದೆ. ಕಾಗದಗಳ ರಾಶಿ ಬಿದ್ದಿದೆ, ಯಾವುದನ್ನೂ ಒಡೆದಿಲ್ಲ. ಸಂಜೆಯೇ ಮತ್ತೆ ಹೊರಡಬೇಕು, ಸೋಮವಾರ ಬರುತ್ತೇನೆ.

ಹೋರ್ಡಿಂಗ್ ನೋಡಿದಿರಾ? ಹದಿನಾಲ್ಕರಂದೇ ಏರಿಸಿದ್ದಾರೆ. ಏರ್‌ಪೋರ್ಟಿನಿಂದ ಬರುವಾಗ ಆ ಕಡೆಯದನ್ನು ನೋಡಿದೆ, ಮೈ ಜುಂ ಎಂದಿತು. ಸುಮಂಗಲಾಳನ್ನು ಕರೆದುಕೊಂಡು ಹೋಗಿ ತೋರಿಸಿ. ಅವಳಿಗೆ ಏನನ್ನಿಸಿತು ಎಂದು ಮುಂದಿನ ಪತ್ರದಲ್ಲಿ ಬರೆಯುವುದನ್ನು ಮರೆಯಬೇಡಿ.

ವೇಣಿ


ಬಾಗಲಗುಂಟೆ
18 ಆಗಸ್ಟ್ 2006

ಮೇಡಂ,

ನನ್ನ ಐದನೇ ತಾರೀಖಿನ ಪತ್ರವನ್ನು ಮೊದಲು ಒಡೆಯಿರಿ.

ನೋಡಿದೆವು. ಶಾಲೆಯಲ್ಲಿ ಬಾವುಟ ಹಾರಿಸಿ ಬಂದ ಮಕ್ಕಳೆಲ್ಲ ಸೇರಿ ಅವಳನ್ನು ಕರೆದುಕೊಂಡು ಹೋದರು, ನಾನು ಹಿಂದೆ ಓಡಿದೆ. ಎರಡು ಅಂತಸ್ತಿನ ಮನೆಯಷ್ಟು ದೊಡ್ಡ ಮುಖ. ಪಕ್ಕದಲ್ಲಿ ಗಡಿಯಾರ. ‘ಸುಮಂಗಲಾಳ ಸಮಯ ಈಗ ಶುರು’ ಎಂದು ದಪ್ಪಕ್ಷರ. ಕೆಳಗೆ, ‘ತಂದೆಯನ್ನು ಕಳೆದುಕೊಂಡ ಪೀಣ್ಯದ ಬಾಲೆಗೆ ಸೆರಾವಲ್ ಆಸರೆ’. ಯೂನಿಫಾರಂ ಮೇಲಿನ ಶಾಲೆಯ ಬ್ಯಾಡ್ಜು ಅಷ್ಟು ದೂರದಿಂದ ಓದಲು ಬರುತ್ತದೆ.

‘ಅವ್ವಾ, ಅಪ್ಪ ಸತ್ತಾನೇನು?’ ಎಂದು ಕೇಳಿದಳು.

ಪ್ರಿಂಟಿನವರ ತಪ್ಪು ಎಂದೆ. ನನ್ನ ಮುಖವನ್ನೇ ನೋಡಿದಳು. ಈಗ ನಾನು ದಿನಾ ಬೆಳಿಗ್ಗೆ ಬಸ್ಸುಗಳು ಬರುವ ಹೊತ್ತಿಗೆ ಎದ್ದು ಕೂರುತ್ತೇನೆ. ಕೂತರೆ ಏನೂ ಆಗುವುದಿಲ್ಲ ಎಂದು ಗೊತ್ತಿದ್ದೂ ಕೂರುತ್ತೇನೆ. ಕಾರ್ಖಾನೆಯಲ್ಲಿ ಮೂರು ಡಬ್ಬಿ ಕೆಡಿಸಿದೆ.

ನನಗೆ ಬಹಳ ಹೆದರಿಕೆಯಾಗಿದೆ ಮೇಡಂ.

ಹೊಳೆವ್ವ


ಎಲೆಕ್ಟ್ರಾನಿಕ್ ಸಿಟಿ, ನಿಮ್ಮ ಆಫೀಸಿನ ಗೇಟು
21 ಆಗಸ್ಟ್ 2006, ಬೆಳಿಗ್ಗೆ ಹನ್ನೊಂದು ಗಂಟೆ

ವೇಣಿ ಮೇಡಂ,

ನಾನು ಸುಮಂಗಲಾಳ ಜೊತೆ ನಿಮ್ಮ ಗೇಟಿನ ಹೊರಗೆ ನಿಂತಿದ್ದೇನೆ. ಸೆಕ್ಯೂರಿಟಿಯವರು ಒಳಗೆ ಬಿಡುತ್ತಿಲ್ಲ. ನಿಮ್ಮ ಮೇಜಿಗೆ ಎರಡು ಸಲ ಫೋನ್ ಮಾಡಿದರು, ಯಾರೂ ಎತ್ತಲಿಲ್ಲವಂತೆ. ‘ಏನಿದ್ರೂ ಬರ್ದ್ ಕೊಡಮ್ಮ, ಮೇಲಕ್ಕೆ ಕಳಿಸ್ತೀವಿ’ ಎಂದರು. ನೀವು ಕಳಿಸಿದ ಲಕೋಟೆಯ ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.

ಶನಿವಾರ ಮಧ್ಯಾಹ್ನ ನಾನು ಒಲೆಯ ಮುಂದೆ ಇದ್ದೆ. ‘ಅವ್ವಾ, ಯಾರ್ ಬಂದಾರ ನೋಡು’ ಎಂದು ಸುಮಂಗಲಾ ಕೂಗಿದಳು. ಅವಳ ಕೈಯಲ್ಲಿ ಬಾಳೆಹಣ್ಣಿನ ಚೀಲ, ಇನ್ನೊಂದು ಕೈಯಲ್ಲಿ ಮಲಕಪ್ಪನ ಕೈ. ಬಸ್ಸಿನಿಂದ ಹೋರ್ಡಿಂಗ್ ಕಂಡು, ಬ್ಯಾಡ್ಜಿನ ಹೆಸರು ಓದಿ, ಕೇಳಿಕೊಂಡು ಶಾಲೆಯ ಗೇಟಿಗೆ ಬಂದು ನಿಂತಿದ್ದನಂತೆ. ಅವನನ್ನು ಕಂಡು ಇವಳೇ ಓಡಿ ಹೋಗಿದ್ದಾಳೆ. ದಾರಿ ತೋರಿಸಿ ಮನೆಗೆ ಕರೆದು ತಂದಿದ್ದಾಳೆ.

ಚಹಾ ಕೊಟ್ಟೆ. ಬೇರೆ ಏನು ಮಾಡಬೇಕೆಂದು ತಿಳಿಯಲಿಲ್ಲ. ಅವನು ಬೈಯಲಿಲ್ಲ, ಕೂಗಾಡಲಿಲ್ಲ. ಮಗಳನ್ನು ಸಕ್ಕರೆ ತರಲು ಕಳಿಸಿದ ಮೇಲೆ ಹೇಳಿದ, ‘ಅಕ್ಕಾ, ಸಿದ್ರಾಮ ಮಾವ ಸತ್ತಾನಂತ ಬರದಾರಲ್ಲ. ಬಸ್ ಹತ್ತೂಮುಂದ ನಾನs ಅವಗ ಚಾ ಕುಡಿಸಿ ಬಂದೀನಿ.’ ಆಮೇಲೆ ನನ್ನ ಹಣೆಯನ್ನು ನೋಡಿದ. ‘ಈಗ ಹಚ್ಕೊಂಡಿ. ಫೋಟೋದಾಗ ಯಾಕ ಇಲ್ಲ?’

ಖಾಲಿ ಲೋಟ ತೆಗೆದುಕೊಂಡು ಎದ್ದೆ.

‘ಊರಿಗಿ ಫೋನ್ ಮಾಡೀನಿ. ಮಂಗಳವಾರ ಮಾವ ಬರ್ತಾನ. ಅವ ಭಾಳ ಸಿಟ್ಟಿನ್ಯಾಗ ಅದಾನ, ನೀ ಏನೂ ಎದುರಾಡಬ್ಯಾಡ. ಲಗ್ನ ಮುಗಿಸಿ ಬಿಡೂಣು. ಆಮ್ಯಾಲ ನೀ ಇಲ್ಲೇ ನೌಕರಿ ಮಾಡ್ಕೊಂಡಿರು, ನಾ ಏನೂ ಅನ್ನೂದಿಲ್ಲ’ ಎಂದ. ನನಗೆ ಉಪಕಾರ ಮಾಡುವವನ ಹಾಗೆ ಹೇಳಿದ, ಮೇಡಂ. ನಗುತ್ತಲೇ ಹೇಳಿದ.

ನಿನ್ನೆ ಎರಡು ಚೀಲ ಹಿಡಿದು ಮನೆ ಬಿಟ್ಟೆವು. ಅಂಜನಮ್ಮ ತನ್ನ ತಂಗಿಯ ಮನೆಯಲ್ಲಿ ಒಂದು ರಾತ್ರಿಗೆ ಜಾಗ ಕೊಡಿಸಿದಳು. ಈ ಊರಿನಲ್ಲಿ ನನಗೆ ಗೊತ್ತಿರುವ ವಿಳಾಸ ನಿಮ್ಮದೊಂದೇ.

ಕೆಳಗೆ ಬನ್ನಿ. ನಾಲ್ಕು ಗಂಟೆಯವರೆಗೆ ಇಲ್ಲೇ ಇರುತ್ತೇವೆ.

ಹೊಳೆವ್ವ


ಎಲೆಕ್ಟ್ರಾನಿಕ್ ಸಿಟಿ
21 ಆಗಸ್ಟ್ 2006, ಮಧ್ಯಾಹ್ನ

ಹೊಳೆವ್ವಕ್ಕ,

ನಿಮ್ಮ ಐದನೇ ಮತ್ತು ಹದಿನೆಂಟನೇ ತಾರೀಖಿನ ಎರಡೂ ಪತ್ರಗಳನ್ನು ಇವತ್ತು ಬೆಳಿಗ್ಗೆ ಬಂದ ಕೂಡಲೇ ಓದಿದೆ.  ಮೊದಲು ಸುದ್ದಿ ಹೇಳುತ್ತೇನೆ: ದಾಸರಹಳ್ಳಿಯ ಹೋರ್ಡಿಂಗ್ ಇಳಿಸಿದ್ದಾರೆ. ಈಗಷ್ಟೇ ಫೋನ್ ಬಂತು.

ಹೇಗೆಂದು ಕೇಳಿ. ಮೊದಲು ಡೈರೆಕ್ಟರ ಹತ್ತಿರ ಹೋಗಿ, ಆ ಮಗುವಿಗೆ ಅಪಾಯ ಇದೆ, ತೆಗೆಸಿ ಸಾರ್ ಎಂದೆ. ಏನು ಅಪಾಯ ಎಂದರು. ಮನೆಯ ವಿಷಯ, ಬಿಡಿಸಿ ಹೇಳಲು ಆಗದು ಎಂದೆ. ಹೇಳಿದ್ದರೆ ಅರ್ಜಿ ಸುಳ್ಳೆಂದು ಗೊತ್ತಾಗುತ್ತಿತ್ತು, ಪರಮಾನಂದ ಅವರ ಕೆಲಸವೂ ಹೋಗುತ್ತಿತ್ತು. ಒಂದು ತಿಂಗಳಿಗೆ ಜಾಗ ಹಿಡಿದಿದ್ದಾರೆ, ಅಲ್ಲಿಯವರೆಗೆ ಆಗಲ್ಲ, ಲಿಖಿತವಾಗಿ ಕೊಡು, ಮುಂದಿನ ಮೀಟಿಂಗಿನಲ್ಲಿ ನೋಡೋಣ ಎಂದರು.

ಹೊರಗೆ ಬಂದು ನಿಂತಾಗ ನಿಮ್ಮ ಡಬ್ಬಿಗಳು ನೆನಪಾದವು. ಸಾಸಿವೆಯಷ್ಟು ಅಂಟು ಕಂಡರೂ ವಾಪಸ್ಸು ಎಂದು ಬರೆದಿದ್ದಿರಿ. ತಿರುಗಿ ಒಳಗೆ ಹೋಗಿ, ಸಾರ್, ತುಮಕೂರು ರಸ್ತೆಯಲ್ಲಿ ಗಡಿಯಾರದ ಬಂಗಾರದ ಬಣ್ಣ ಹಿತ್ತಾಳೆಯ ಹಾಗೆ ಪ್ರಿಂಟಾಗಿದೆಯಂತೆ ಎಂದೆ. ಕುರ್ಚಿಯಿಂದ ಎದ್ದೇಬಿಟ್ಟರು. ಅವರೇ ಏಜೆನ್ಸಿಗೆ ಫೋನ್ ಮಾಡಿದರು. ಒಂದೂವರೆ ಗಂಟೆಯೊಳಗೆ ಇಳಿಯಿತು. ಉಳಿದ ಎರಡನ್ನೂ ಇವತ್ತೇ ಇಳಿಸುತ್ತಾರೆ.

ಮಗುವಿಗೆ ಮೀಟಿಂಗು, ಗಡಿಯಾರಕ್ಕೆ ಒಂದೂವರೆ ಗಂಟೆ. ಇಂಥ ಕಡೆ ಕೆಲಸ ಮಾಡುತ್ತಿದ್ದೇನೆ ಎಂದು ನಾಚಿಕೆಯಾಯಿತು.

ಏಳೇ ದಿನ ಇತ್ತು, ಯಾರೂ ನೋಡಿರಲಾರರು. ಇನ್ನು ಹೆದರಬೇಡಿ. ನಿಮ್ಮ ಗುಟ್ಟು ನನ್ನ ಹತ್ತಿರವೇ ಇರುತ್ತದೆ. ಸುಮಂಗಲಾಳ ಸೀಟಿಗೆ ಏನೂ ಆಗುವುದಿಲ್ಲ.

ನಿಮ್ಮ ತಂಗಿ ಎಂದೇ ತಿಳಿಯಿರಿ,
ವೇಣಿ


ಬೇಗೂರು
23 ಆಗಸ್ಟ್ 2006

ಹೊಳೆವ್ವಕ್ಕ,

ನೀವು ಗೇಟಿನಲ್ಲಿ ಬರೆದು ಕೊಟ್ಟ ಲಕೋಟೆ ನಿನ್ನೆ ಸಂಜೆ ನನ್ನ ಮೇಜಿಗೆ ಬಂತು. ಕೊರಿಯರು, ಬಿಲ್ಲುಗಳ ಟ್ರೇಯಲ್ಲಿ ಒಂದು ದಿನ ಕೂತಿತ್ತಂತೆ. ಸೋಮವಾರ ಹನ್ನೊಂದಕ್ಕೆ ನಾನು ಡೈರೆಕ್ಟರ ಕೋಣೆಯಲ್ಲಿದ್ದೆ. ಗಾಜಿನಾಚೆ ನನ್ನ ಮೇಜಿನ ಫೋನ್ ಹೊಡೆದುಕೊಂಡದ್ದು ಕೇಳಿಸಿತು. ಎರಡು ಸಲವೂ ಕೇಳಿಸಿತು. ನಾನು ನಿಮ್ಮ ಕೆಲಸದಲ್ಲೇ ಇದ್ದೇನೆ, ಆಮೇಲೆ ನೋಡಿದರಾಯಿತು ಎಂದುಕೊಂಡೆ.

ಇವತ್ತು ಬೆಳಿಗ್ಗೆ ಬಾಗಲಗುಂಟೆಗೆ ಹೋಗಿದ್ದೆ. ಅಂಜನಮ್ಮ ಬಾಗಿಲು ಅರ್ಧ ತೆರೆದು, ‘ನಿನ್ನೆ ಇಬ್ರು ಗಂಡಸ್ರು ಬಂದು ರೂಮೆಲ್ಲ ತಡಕಾಡಿದ್ರು. ಈಗ ನೀನ್ ಬಂದಿದೀಯ. ಎಲ್ಲೋದ್ರೋ ನಂಗೊತ್ತಿಲ್ಲ, ಗೊತ್ತಿದ್ರೂ ಹೇಳಲ್ಲ’ ಎಂದರು. ಅವರು ಹೇಳದಿದ್ದದ್ದೇ ಸರಿ.

ಈ ಪತ್ರ ನಿಮಗೆ ಸಿಗುವುದಿಲ್ಲ ಎಂದು ಗೊತ್ತು. ಆದರೂ ಒಂದನ್ನು ಬರೆಯಲೇಬೇಕು, ಮುಚ್ಚಿಟ್ಟುಕೊಂಡರೆ ನಿದ್ದೆ ಬರುವುದಿಲ್ಲ. ನಿಮ್ಮ ಫೋಟೋ ಜೂನಿನಲ್ಲಿ ಮೊದಲು ಬಂದಾಗ ದೊಡ್ಡದು ಮಾಡಿ ನೋಡಿದ್ದೆ. ಹಣೆಯ ನಡುವೆ ದಿನಾ ಕುಂಕುಮ ಇಟ್ಟ ಜಾಗ ದುಂಡಗೆ ಬಿಳಿಚಿಕೊಂಡಿತ್ತು. ಅಂಚಿನಲ್ಲಿ ಒರೆಸಿದ ಕೆಂಪು ಇನ್ನೂ ಹಸಿಯಾಗಿತ್ತು. ಒಂದು ವರ್ಷದ ಹಿಂದೆ ಗಂಡ ಸತ್ತವಳ ಹಣೆ ಹಾಗಿರುವುದಿಲ್ಲ. ನಮ್ಮಮ್ಮನ ಮಗಳಾಗಿ ನನಗೆ ಅದು ಗೊತ್ತಾಗದೆ ಇರುತ್ತದೆಯೇ? ಗೊತ್ತಾಯಿತು. ಕೇಳಿದರೆ ಅರ್ಜಿ ಬಿದ್ದುಹೋಗುತ್ತದೆ, ಇಷ್ಟು ಒಳ್ಳೆಯ ಫೋಟೋ ಮತ್ತೆ ಸಿಗುವುದಿಲ್ಲ ಎಂದು ಸುಮ್ಮನಾದೆ. ಆ ಗುರುತನ್ನು ಕಂಪ್ಯೂಟರಿನಲ್ಲಿ ಅಳಿಸಿ ಎಂದು ಡಿಸೈನರಿಗೆ ಹೇಳಿದವಳು ನಾನೇ.

ನೀವು ಒಂದು ಸಲ ಒರೆಸಿಕೊಂಡಿರಿ. ಎರಡನೇ ಸಲ ನಾನು ಒರೆಸಿದೆ.

ಎಲ್ಲಿದ್ದೀರಿ?

ವೇಣಿ

(ಲಕೋಟೆಯ ಮೇಲೆ ಅಂಚೆಯವನ ಬರಹ: ಮನೆ ಖಾಲಿ. ಕಳಿಸಿದವರಿಗೆ ವಾಪಸ್ಸು.)


14 ಅಕ್ಟೋಬರ್ 2006

ದಾಸಪ್ಪನವರ ಮಗಳು ವೇಣಿ ಮೇಡಂ ಅವರಿಗೆ ಹೊಳೆವ್ವನ ನಮಸ್ಕಾರ.

ಮೇಲೆ ಊರಿನ ಹೆಸರು ಬರೆದಿಲ್ಲ. ಹುಡುಕಬೇಡಿ. ಟಪಾಲು ಹಾಕುವುದಕ್ಕೂ ಬೇರೆ ಊರಿಗೆ ಹೋಗುವವರ ಕೈಯಲ್ಲಿ ಕೊಡುತ್ತೇನೆ. ಪತ್ರವನ್ನು ಆಫೀಸಿಗೆ ಕಳಿಸದೆ ಮನೆಗೆ ಕಳಿಸಿದ್ದೇನೆ, ಅಲ್ಲಾದರೆ ಕಡತಕ್ಕೆ ಹೋಗುತ್ತದೆ.

ಅವತ್ತು ನಾಲ್ಕರವರೆಗೆ ಗೇಟಿನಲ್ಲಿ ನಿಂತೆವು. ನೀವು ಬರಲಿಲ್ಲ. ಆಮೇಲೆ ಕೇಳಿಕೊಂಡು ಕೇಳಿಕೊಂಡು ಬೇಗೂರಿಗೆ ಬಂದೆವು. ನಿಮ್ಮ ಮನೆಯ ಬಾಗಿಲು ತೆರೆದಿತ್ತು. ನಿಮ್ಮ ಅಪ್ಪ ಇರಬೇಕು, ಕುರ್ಚಿಯಲ್ಲಿ ಕೂತು ಕಡಲೆಕಾಯಿ ಸುಲಿಯುತ್ತಿದ್ದರು. ಅವರ ತಲೆಯ ಮೇಲೆ ಗೋಡೆಯಲ್ಲಿ ನನ್ನ ಮಗಳು ನಗುತ್ತಿದ್ದಳು, ಹಿಂದೆ ನಾನು, ಬರಿ ಹಣೆಯಲ್ಲಿ. ಅದನ್ನು ಕಂಡ ಮೇಲೆ ಬಾಗಿಲಲ್ಲಿ ನಿಂತು ‘ಯಾರಿದ್ದೀರಿ’ ಎನ್ನಲು ನನ್ನಿಂದ ಆಗಲಿಲ್ಲ. ಹಿಂದಕ್ಕೆ ತಿರುಗಿದೆವು.

ಬಸ್ಸಿನಲ್ಲಿ ಮಗಳಿಗೆ ಎಲ್ಲ ಹೇಳಿದೆ. ಮೊದಲೇ ಹೇಳಬೇಕಿತ್ತು. ‘ನಾನs ಮಾಮಾಗ ಮನಿ ತೋರಿಸಿದೆನಲ್ಲವ್ವಾ’ ಎಂದಳು. ಅದನ್ನೇ ಈಗಲೂ ನಿದ್ದೆಗಣ್ಣಿನಲ್ಲಿ ಹೇಳುತ್ತಾಳೆ.

ಈಗ ಶಾಲೆಗೆ ಹೋಗುತ್ತಿದ್ದಾಳೆ. ಬೇರೆ ಹೆಸರು, ಸರಕಾರಿ ಶಾಲೆ. ಹೆಡ್‌ಮಾಸ್ತರರಿಗೆ ನಿಜವನ್ನೇ ಹೇಳಿದೆ, ಅವರು ಕಾಗದ ಕೇಳದೆ ಕೂರಿಸಿಕೊಂಡರು. ಮೊನ್ನೆ ತರಗತಿಯ ಫೋಟೋ ತೆಗೆದರಂತೆ. ಕ್ಲಿಕ್ ಎನ್ನುವ ಹೊತ್ತಿಗೆ ಇವಳು ಬೂಟಿನ ಲೇಸು ಕಟ್ಟಲು ಬಗ್ಗಿದ್ದಾಳೆ. ನೀವು ಕೊಟ್ಟ ಬೂಟೇ, ಈಗ ಅಳತೆಗೆ ಸರಿಯಾಗಿದೆ. ಫೋಟೋದಲ್ಲಿ ಎರಡು ಜಡೆ ಮಾತ್ರ ಬಂದಿವೆ. ನಾನು ಹೇಳಿಕೊಟ್ಟದ್ದಲ್ಲ.

ನಿಮ್ಮ ಮೇಲೆ ಸಿಟ್ಟಿತ್ತು, ಈಗ ಇಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಆದರೆ ಈ ಪತ್ರವನ್ನು ಸಿಟ್ಟಿಗೆ ಬರೆದದ್ದಲ್ಲ.

ಹೋದ ವಾರ ತಪ್ಪಿಸಿಕೊಳ್ಳಲಾಗದ ಒಂದು ಕೆಲಸಕ್ಕೆ ತುಮಕೂರು ರಸ್ತೆಯಲ್ಲಿ ಬರಬೇಕಾಯಿತು. ಸೆರಗನ್ನು ಮುಖಕ್ಕೆ ಎಳೆದುಕೊಂಡು ಬಸ್ಸಿನಲ್ಲಿ ಕೂತಿದ್ದೆ. ದಾಸರಹಳ್ಳಿ ಬಂದಾಗ ನೋಡಬಾರದು ಎಂದುಕೊಂಡೂ ನೋಡಿದೆ. ನಮ್ಮ ಫೋಟೋ ಇರಲಿಲ್ಲ. ನೀವೇ ತೆಗೆಸಿರಬೇಕು.

ಅದೇ ಕಂಬಗಳ ಮೇಲೆ ಈಗ ಬೇರೆ ಹುಡುಗಿ ಇದ್ದಾಳೆ. ಇನ್ನೂ ಚಿಕ್ಕವಳು, ಹತ್ತು ಇರಬಹುದು. ಪಕ್ಕದಲ್ಲಿ ಅದೇ ಗಡಿಯಾರ. ಹಿಂದೆ ಅವಳ ತಾಯಿ ನಿಂತಿದ್ದಾಳೆ. ಆ ತಾಯಿ ನಗುತ್ತಿಲ್ಲ, ಮೇಡಂ.

ಅವಳನ್ನು ಯಾರಾದರೂ ಕೇಳಿದಿರಾ?

ಹೊಳೆವ್ವ